ಹರಳು ನೋಡುವ ಮನೆತನ

ಕಳೆದ ವರ್ಷ ದೀಪಾವಳಿ ಮುಗಿದ ವಾರ ನನ್ನ ತಮ್ಮ ಮಾನಪ್ಪ ಬೆಳಿಗ್ಗೆ ಬೆಳಿಗ್ಗೆಯೇ ಮನೆಗೆ ಬಂದ. ಬಂದವನು ಚಹಾ ಮುಟ್ಟುವ ಮೊದಲೇ ಅಂಗಿಯ ಜೇಬಿಗೆ ಕೈಹಾಕಿ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿಯನ್ನೂ, ನಾಲ್ಕು ಮಡಿಕೆ ಮಾಡಿದ ಒಂದು ನುಣುಪು ಕಾಗದವನ್ನೂ ತೆಗೆದು ನನ್ನ ಮುಂದಿಟ್ಟ. ಡಬ್ಬಿಯೊಳಗೆ ತೊಗರಿಬೇಳೆಗಿಂತ ಚೂರು ಸಣ್ಣದಾದ ಒಂದು ಹರಳು ಕೂತಿತ್ತು. ಕಿಟಕಿಯ ಬಿಸಿಲು ಅದರ ಮೇಲೆ ಬಿದ್ದದ್ದೇ ತಡ, ನಮ್ಮ ಸುಣ್ಣದ ಗೋಡೆಯ ಮೇಲೆ ನಾಲ್ಕೈದು ಬಣ್ಣದ ಚುಕ್ಕೆಗಳು ಓಡಾಡಿದವು.

“ಅಕ್ಕಾ, ಇದನ್ನ ನೋಡು,” ಅಂದ.

“ನೋಡಿದೆ. ಚಂದ ಅದ.”

“ಚಂದ ಅದಂತ ನನಗೂ ಕಾಣ್ತದ. ಅಸಲಿ ಏನು ನಕಲಿ, ಏನು ಕಿಮ್ಮತ್ತು ಬಾಳ್ತದ, ಅದನ್ನ ಹೇಳು. ಬರೂ ಐತವಾರದೊಳಗ ಹೇಳು.”

ಮಾನಪ್ಪನದು ಶಹಾಪುರದಲ್ಲಿ ಬೀಜ, ಗೊಬ್ಬರದ ಅಂಗಡಿ. ಅವನ ಒಬ್ಬಳೇ ಮಗಳು ಭಾಗ್ಯ ಯಾದಗಿರಿಯ ಒಂದು ದವಾಖಾನೆಯಲ್ಲಿ ನರ್ಸ್. ಅವಳಿಗೂ ಭೀಮರಾಯನಗುಡಿಯ ಕೃಷಿ ಕಾಲೇಜಿನಲ್ಲಿ ಮಣ್ಣು ಪರೀಕ್ಷೆ ಮಾಡುವ ಪ್ರಕಾಶ ಎಂಬ ಹುಡುಗನಿಗೂ ಮದುವೆ ಮಾತು ಮುಗಿಯುತ್ತ ಬಂದಿತ್ತು. ಭಾನುವಾರ ಹುಡುಗನ ಕಡೆಯವರು ನಿಶ್ಚಯದ ದಿನ ಗೊತ್ತುಮಾಡಲು ಬರುವವರಿದ್ದರು. ಅಷ್ಟರಲ್ಲಿ ಪ್ರಕಾಶ ಈ ಬಿಡಿ ವಜ್ರವನ್ನು, ಅದರ ಸರ್ಟಿಫಿಕೇಟಿನ ಸಮೇತ, ಭಾಗ್ಯಳ ಕೈಗೆ ಕೊಟ್ಟು, “ನಿನಗೆ ಬೇಕಾದ ಹಾಗೆ ಉಂಗುರ ಮಾಡಿಸಿಕೋ” ಅಂದಿದ್ದನಂತೆ. ಮಾನಪ್ಪನ ತಲೆ ಕೆಟ್ಟದ್ದು ಅಲ್ಲಿಂದ.

“ಉಂಗುರ ಕೊಟ್ರ ಉಂಗುರ ಅಂತೀವಿ. ಸರ ಕೊಟ್ರ ಸರ ಅಂತೀವಿ. ಇದೇನಕ್ಕಾ, ಬೀಜದಂಗ ಬಿಡಿ ಹರಳ ಕೊಟ್ಟಾನ? ಇದರಾಗ ಏನೋ ಅದ. ನೀ ನೋಡಿ ಹೇಳು. ನಾವು ಹರಳ ನೋಡೂ ಮನೆತನದವರು.”

ನಾವು ಹರಳು ನೋಡುವ ಮನೆತನದವರು ಎಂಬುದು ನಿಜ. ಆದರೆ ಆ ಮನೆತನದ ವಿದ್ಯೆ ನನ್ನ ತನಕ ಬಾರದೆ ನಿಂತುಹೋಗಿದೆ ಎಂಬುದೂ ಅಷ್ಟೇ ನಿಜ. ಮೂವತ್ತು ವರ್ಷ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದೆ. ಇದ್ದಿಲೂ ವಜ್ರವೂ ಒಂದೇ ಇಂಗಾಲ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದೆ. ಇದ್ದಿಲನ್ನು ಒಂದು ಬಟ್ಟಲಿನಲ್ಲಿಟ್ಟು ತೋರಿಸುತ್ತಲೂ ಇದ್ದೆ. ವಜ್ರದ ಪಾಳಿ ಬಂದಾಗ ಮಾತ್ರ, “ಅದನ್ನು ನೀವು ನೋಡೇ ಇರ್ತೀರಿ,” ಎಂದು ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಮಕ್ಕಳೂ ನೋಡಿದವರ ಹಾಗೆ ತಲೆಯಾಡಿಸುತ್ತಿದ್ದರು.

ಆದರೂ ತಮ್ಮನ ಮುಂದೆ ಮರ್ಯಾದೆ ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಕನ್ನಡಕ ಏರಿಸಿ ಕಾಗದ ಬಿಡಿಸಿದೆ. ತೂಕ ಮೂವತ್ತೊಂದು ಸೆಂಟು, ಅಂದರೆ ಒಂದು ಕ್ಯಾರೆಟ್ಟಿನ ನೂರರಲ್ಲಿ ಮೂವತ್ತೊಂದು ಪಾಲು. ಬಣ್ಣ ಜಿ. ಶುದ್ಧತೆ ವಿಎಸ್ ಒನ್. ಕಟಿಂಗು ಎಕ್ಸಲೆಂಟು. ಹರಳಿನ ಉದ್ದ, ಅಗಲ, ಎತ್ತರ ಮಿಲಿಮೀಟರಿನಲ್ಲಿ. ಎಡಕ್ಕೊಂದು ಚಿತ್ರ, ಬಲಕ್ಕೊಂದು ಚಿತ್ರ. “ಬಣ್ಣ ಇಲ್ಲದ ಹರಳಿಗೆ ಡಿ ಅಂತಾರ ಮಾನಪ್ಪ. ಅಲ್ಲಿಂದ ಕೆಳಗ ಇಳದಂಗ ಹಳದಿ ಏರ್ತದ. ಜಿ ಅಂದ್ರ ಚೊಲೋನ,” ಎಂದು ವಿವರಿಸಿದೆ. ಕಾಗದದಲ್ಲಿ ಎಲ್ಲವೂ ಇತ್ತು, ಬೆಲೆಯೊಂದನ್ನು ಬಿಟ್ಟು. ಮಾನಪ್ಪ ನಾನು ಬೆರಳಿಟ್ಟ ಕಡೆಯೆಲ್ಲ ಕಣ್ಣಿಟ್ಟು, “ಹ್ಞೂಂ, ಹ್ಞೂಂ,” ಅಂದ. ಕೊನೆಗೆ ಎದ್ದು ನಿಂತು, “ಸುರಪುರಕ್ಕ ಹೋಗಿ ಒಮ್ಮಿ ಬಂಗಾರದ ಅಂಗಡಿ ಕಾಳಪ್ಪಗ ತೋರಿಸ್ಕೊಂಡು ಬಾ. ಕಾಗದ ಯಾರ ಬೇಕಾದ್ರೂ ಬರೀತಾರ,” ಎಂದು ಹೊರಟ.

ಅವನು ಹೋದ ಮೇಲೆ ಆ ಹರಳನ್ನು ನೋಡುತ್ತ ಎಷ್ಟು ಹೊತ್ತು ಕೂತೆನೋ. ನೋಡಿದ್ದು ಮಾತ್ರ ಹರಳನ್ನಲ್ಲ, ಚಂದ್ರವ್ವತ್ತಿಯನ್ನು.

ಚಂದ್ರವ್ವತ್ತಿ ನಮ್ಮ ಅಪ್ಪನ ತಂಗಿ. ಸುರಪುರದಲ್ಲಿ ಗುಡ್ಡದ ಬುಡದ ಒಂದು ಓಣಿಯಲ್ಲಿ ಅವಳ ಮನೆ. ಬೇಸಿಗೆ ರಜೆ ಬಂತೆಂದರೆ ನನ್ನ ವಾಸ ಅಲ್ಲಿಯೇ. ಅವಳ ಗಂಡ ಮೌನೇಶಪ್ಪ ಮಾವ ಪತ್ತಾರ. ಬಂಗಾರಕ್ಕೆ ಹರಳು ಕೂರಿಸುವುದರಲ್ಲಿ ಅವನ ಕೈ ಸುತ್ತಮುತ್ತ ಹೆಸರಾದದ್ದು. ಆದರೆ ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಮಾವನ ಕಣ್ಣಿಗೆ ಮಂಜು ಕವಿದಿತ್ತು. ಬೆರಳುಗಳಿಗೆ ಎಲ್ಲ ಗೊತ್ತಿತ್ತು, ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಕೆಲಸ ಬಿಟ್ಟರೆ ಬದುಕು ನಡೆಯುವುದಿಲ್ಲ. ಆಗ ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದು ಅವನ ಪಕ್ಕ ಕೂತಳು. ಉತ್ತರ ದಿಕ್ಕಿನ ಸರಳು ಕಿಟಕಿಯ ಹತ್ತಿರ ಇಬ್ಬರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಿದ್ದರು. ಅತ್ತೆ ಮಸೂರವನ್ನು ಕಣ್ಣಿಗೆ ಹಿಡಿದು ಹರಳಿನೊಳಗೆ ಇಣುಕುವಳು. ಮಾವ ಗೋಡೆಯ ಕಡೆ ಮುಖ ಮಾಡಿ ಕೇಳುವನು.

“ಏನು ಕಾಣ್ತದ?”

“ನಡಬರಕ ಒಂದು ಕರೇ ಚುಕ್ಕಿ ಅದ.”

“ಸಾಸಿವಿಯಷ್ಟೋ, ಗಸಗಸಿಯಷ್ಟೋ?”

“ಗಸಗಸಿನೂ ದೊಡ್ಡದಾತು. ಅದರ ಬಾಜೂಕ ಕಾಗಿಕಾಲಿನಂಗ ಮೂರು ಗೆರಿ ಅದಾವ. ಒಂದು ಗೆರಿ ಅಂಚಿನ ತನಕ ಹೋಗ್ಯದ.”

“ಹಂಗಾದ್ರ ಆ ಕಡಿ ಒತ್ತಬಾರದು. ಒಡೀತದ.”

ಹೀಗೆ ಗಂಡನಿಗೆ ಹೇಳುತ್ತ ಹೇಳುತ್ತ ಅವಳ ಕಣ್ಣು ಪಳಗಿತು. ಮೆಣಸಿನಕಾಯಿ ಕುಟ್ಟಿದ ದಿನ ಅವಳು ಹರಳು ಮುಟ್ಟುತ್ತಿರಲಿಲ್ಲ. ಮುಟ್ಟುವ ಮುಂಚೆ ತಣ್ಣೀರಿನಿಂದ ಕಣ್ಣು ತೊಳೆಯುವಳು. ಬಿಳಿ ಕಾಗದವನ್ನು ಮಡಚಿ, ಅದರ ಸಂದಿಯಲ್ಲಿ ಹರಳನ್ನು ಬೋರಲು ಮಲಗಿಸಿ ಬಣ್ಣ ನೋಡುವಳು. ಹರಳಿನ ಮೇಲೆ ಒಮ್ಮೆ “ಹಾ” ಎಂದು ಉಸಿರು ಬಿಡುವಳು. ವಜ್ರವಾದರೆ ಉಸಿರಿನ ಮಂಜು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ಗಾಜಾದರೆ ಅದು ಅಲ್ಲಿಯೇ ಕೂತು ನಿಧಾನಕ್ಕೆ ಆರುತ್ತದೆ. ಹತ್ತು ವರ್ಷ ಕಳೆಯುವುದರೊಳಗೆ ಜನ ಮಾವನನ್ನು ಬಿಟ್ಟು ನೇರವಾಗಿ ಅವಳನ್ನೇ ಕೇಳಿಕೊಂಡು ಬರುವಂತಾಯಿತು. ಹಳೆಯ ದೊಡ್ಡ ಮನೆಗಳ ಹೆಣ್ಣುಮಕ್ಕಳು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬರುತ್ತಿದ್ದರು. ಗಂಟು ಬಿಚ್ಚುವಾಗ ನನ್ನ ಕಡೆ ಒಮ್ಮೆ ನೋಡುವರು. “ಆಕಿ ನಮ್ಮಣ್ಣನ ಮಗಳು. ಬಾಯಿ ಬಿಡಂಗಿಲ್ಲ,” ಎಂದು ಅತ್ತೆ ಹೇಳುವಳು. ನಾನು ಹೆಮ್ಮೆಯಿಂದ ತುಟಿ ಬಿಗಿದುಕೊಂಡು ಕೂರುತ್ತಿದ್ದೆ.

ಒಮ್ಮೆ ಅವಳನ್ನು ಮೋಸಗೊಳಿಸಬೇಕೆಂಬ ಆಸೆ ಹುಟ್ಟಿತು. ಕಲ್ಲುಸಕ್ಕರೆಯ ಒಂದು ಚಂದದ ತುಣುಕನ್ನು ಆರಿಸಿ, ಲಂಗದ ತುದಿಯಿಂದ ತಿಕ್ಕಿ, ಕಾಗದದಲ್ಲಿ ಸುತ್ತಿ, “ಅತ್ತಿ, ಯಾರೋ ಕೊಟ್ಟು ಹೋಗ್ಯಾರ ನೋಡು,” ಎಂದು ಮುಂದಿಟ್ಟೆ. ಅವಳು ನಗಲಿಲ್ಲ. ಕಣ್ಣು ತೊಳೆದುಕೊಂಡು ಬಂದಳು. ಮಸೂರ ಹಿಡಿದಳು. ಉಸಿರು ಬಿಟ್ಟಳು. ಗಂಡನಿಗೆ, “ಬಾಳ ಭಾರಿ ಮಾಲು. ಒಳಗ ಇರಿವಿ ಹೆಜ್ಜಿ ಕಾಣಾಕತ್ತದ,” ಅಂದಳು. ಮಾವನೂ ಅಷ್ಟೇ ಗಂಭೀರವಾಗಿ, “ಹಂಗಾದ್ರ ಬಾಯಾಗ ಕೂಡಸು. ಅದಕ್ಕ ಅದೇ ಸರಿ ಜಾಗ,” ಅಂದ. ಅವಳು ಅದನ್ನು ಬಾಯಿಗೆ ಹಾಕಿಕೊಂಡು ಕಟಕಟ ಕಡಿದುಬಿಟ್ಟಳು. ನನ್ನ ಪಾಲಿನ ಕಲ್ಲುಸಕ್ಕರೆಯೂ ಹೋಯಿತು, ಮೋಸವೂ ಹೋಯಿತು.

ನಗುತ್ತಲೇ ಹೇಳಿಬಿಡಬಹುದಾದ ಇಂಥ ನೆನಪುಗಳು ಎಷ್ಟೋ ಇವೆ. ಆದರೆ ಆ ಬೆಳಿಗ್ಗೆ ನನ್ನನ್ನು ಹಿಡಿದು ಕೂರಿಸಿದ್ದು ಇನ್ನೊಂದು.

ನನಗಾಗ ಹನ್ನೆರಡು. ಅತ್ತೆಯ ಮನೆಯಿಂದ ಮೂರನೇ ಮನೆಯಲ್ಲಿ ಕಮಲ ಎಂಬ ಹುಡುಗಿಯಿದ್ದಳು. ದಿನಾ ಸಂಜೆ ನನಗೆ ಜಡೆ ಹಾಕುತ್ತಿದ್ದವಳು ಅವಳೇ. ಕೆಂಭಾವಿಯ ಕಡೆ ಅವಳ ಮದುವೆ ಗೊತ್ತಾಯಿತು. ನಿಶ್ಚಯದ ದಿನ ಪಡಸಾಲೆಯಲ್ಲಿ ನಲವತ್ತು ಜನ. ಹುಡುಗನ ತಾಯಿ ತಟ್ಟೆಯಲ್ಲಿ ಸೀರೆ, ಕುಪ್ಪಸ, ಅದರ ಮೇಲೆ ಒಂದು ಹಳೆಯ ಮೂಗುಬಟ್ಟು ಇಟ್ಟು ತಂದರು. ಅವರ ಅತ್ತೆ ಅವರಿಗೆ ಕೊಟ್ಟಿದ್ದಂತೆ. ಮೂವತ್ತು ವರ್ಷ ಮೂಗಿನಲ್ಲಿದ್ದುದನ್ನು ಸೊಸೆಗೆಂದು ಆ ದಿನ ಬೆಳಿಗ್ಗೆ ಸಾಬೂನು ಹಚ್ಚಿ ಬಿಚ್ಚಿದ್ದರು. ಅವರ ಮೂಗಿನ ಪಕ್ಕ ಚರ್ಮ ಇನ್ನೂ ಕೆಂಪಗೆ ಊದಿಕೊಂಡಿತ್ತು.

ಗುಂಪಿನಲ್ಲಿ ಯಾರೋ ತಮಾಷೆಗೆಂದೇ ಅಂದರು. “ವಜ್ರದ್ದು ಅಂತ ಕಾಣ್ತದ. ಚಂದ್ರವ್ವ ಇಲ್ಲೇ ಕುಂತಾಳಲ್ಲ, ಆಕಿ ಕೈಯಾಗ ಕೊಡ್ರಿ, ನೋಡಿ ಹೇಳ್ಲಿ.”

ತಟ್ಟೆ ಕೈಯಿಂದ ಕೈಗೆ ದಾಟಿ ಅತ್ತೆಯ ಮುಂದೆ ಬಂತು. ಅವಳು ಅದನ್ನೆತ್ತಿ ಬಾಗಿಲ ಬೆಳಕಿಗೆ ಹಿಡಿದಳು. “ಹಾ” ಎಂದು ಉಸಿರು ಬಿಟ್ಟಳು. ನಾನು ಅವಳ ತೊಡೆಗೆ ಆತು ಕೂತಿದ್ದೆ. ನನಗೂ ಕಂಡಿತು. ಮಂಜು ಹೋಗಲಿಲ್ಲ.

“ಇದು ಕಾಜು,” ಅಂದಳು ಅತ್ತೆ. ವಜ್ರವಲ್ಲ, ಗಾಜು.

ಅವಳಿಗೆ ಯಾರನ್ನೂ ಅವಮಾನಿಸುವ ಮನಸ್ಸಿರಲಿಲ್ಲ. ಕಿಟಕಿಯ ಪಕ್ಕ ಗಂಡನಿಗೆ ಹೇಗೆ ಹೇಳುತ್ತಿದ್ದಳೋ ಹಾಗೆಯೇ ಹೇಳಿಬಿಟ್ಟಳು. ಆದರೆ ಇಲ್ಲಿ ನಲವತ್ತು ಜನ ಕೇಳಿದರು. ಕಮಲಳ ಅಪ್ಪ ಎದ್ದು ನಿಂತರು. ಮೋಸ ಅಂದರು. ಹುಡುಗನ ಕಡೆಯ ಹಿರಿಯರು ಅದಕ್ಕೆ ತಕ್ಕ ಮಾತಾಡಿದರು. ಹುಡುಗನ ತಾಯಿ ಮಾತ್ರ ಯಾರ ಕಡೆಯೂ ನೋಡದೆ, “ನಮ್ಮತ್ತಿ ಕೊಟ್ಟಿದ್ದು... ನಮ್ಮತ್ತಿ ಕೊಟ್ಟಿದ್ದು...” ಎಂದು ಎರಡು ಸಲ ಅಂದು, ಸೆರಗಿನಿಂದ ಮೂಗು ಮುಚ್ಚಿಕೊಂಡರು. ಊಟಕ್ಕೆ ಹಾಕಿದ ಎಲೆಗಳು ಹಾಗೆಯೇ ಉಳಿದವು. ಸಂಬಂಧ ಮುರಿಯಿತು.

ಮನೆಗೆ ಬಂದ ಮೇಲೆ ಅತ್ತೆ ನಡೆದದ್ದನ್ನೆಲ್ಲ ಮಾವನಿಗೆ ಹೇಳಿದಳು. ಅವನು, “ನೀ ಹೇಳಿದ್ದು ಖರೇನ. ಆದ್ರ ಅದನ್ನ ಆ ತಾಯಿ ಕಿವ್ಯಾಗ ಹೇಳಬೇಕಾಗಿತ್ತು. ಊರ ಕಿವ್ಯಾಗ ಹೇಳಿದಿ,” ಅಂದ.

ಎಂಟು ದಿನ ಅತ್ತೆ ಸರಿಯಾಗಿ ಉಣ್ಣಲಿಲ್ಲ. ಒಂಬತ್ತನೆಯ ದಿನ ನನ್ನ ಕೈ ಹಿಡಿದುಕೊಂಡು ಕೆಂಭಾವಿಯ ಬಸ್ಸು ಹತ್ತಿದಳು. ಅಂದು ಅಲ್ಲಿ ಸಂತೆ. ಮೆಣಸಿನಕಾಯಿ ಚೀಲಗಳ ನಡುವೆ ಕೆಮ್ಮುತ್ತ, ಮನೆ ಕೇಳಿಕೊಂಡು ಹೋದೆವು. ಹುಡುಗನ ತಾಯಿ ಬಾಗಿಲಲ್ಲಿ ನಮ್ಮನ್ನು ನೋಡಿ ಕ್ಷಣ ಹೊತ್ತು ನಿಂತರು. ಬೈಯುತ್ತಾರೆಂದು ನಾನು ಅತ್ತೆಯ ಹಿಂದೆ ಸರಿದೆ. ಅವರು ಒಳಗೆ ಹೋಗಿ ಬೆಲ್ಲ, ನೀರು ತಂದಿಟ್ಟರು. ಅವರ ಮೂಗು ಬರಿದಾಗಿತ್ತು. ತೂತು ಮುಚ್ಚದಿರಲೆಂದು ಇಡುವ ಒಂದು ಬೇವಿನ ಕಡ್ಡಿಯೂ ಇರಲಿಲ್ಲ.

“ತಪ್ಪಾತು ಯವ್ವಾ,” ಅಂದಳು ಅತ್ತೆ. “ಹರಳ ನೋಡಿನಿ. ನಿನ್ನ ನೋಡ್ಲಿಲ್ಲ.”

ಆ ತಾಯಿ ಸಿಟ್ಟಾಗಲಿಲ್ಲ. “ನೀ ಸುಳ್ಳ ಹೇಳಿಲ್ಲ ಬಿಡು. ಆದ್ರ ಒಂದು ಕೇಳ್ತೀನಿ. ನೀ ಹೇಳದಿದ್ರ ನಾ ಅದನ್ನ ವಜ್ರ ಅಂತ ತಿಳಕೊಂಡ ಸಾಯ್ತಿದ್ದೆ. ಅದರಿಂದ ಯಾರಿಗೇನು ಲುಕ್ಸಾನ ಆಗ್ತಿತ್ತು?”

ತಿರುಗಿ ಬರುವ ಬಸ್ಸಿನಲ್ಲಿ ಅತ್ತೆ ಸೆರಗಿನಲ್ಲಿ ಮುಖವಿಟ್ಟುಕೊಂಡು ಕೂತಿದ್ದಳು. ಕಮಲಳಿಗೆ ಮುಂದಿನ ವರ್ಷ ಬೇರೆ ಕಡೆ ಮದುವೆಯಾಯಿತು. ಸುಖವಾಗಿಯೇ ಇದ್ದಾಳೆ. ಕೆಂಭಾವಿಯ ಹುಡುಗನಿಗೂ ಆಯಿತಂತೆ. ಆದರೆ ಅತ್ತೆ ಆಮೇಲೆ ಗುಂಪಿನಲ್ಲಿ ಹರಳು ಮುಟ್ಟಿದ್ದನ್ನು ನಾನು ನೋಡಲಿಲ್ಲ. ಯಾರು ಬಂದರೂ ಒಬ್ಬರನ್ನೇ ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ಮೊದಲು ಒಂದೇ ಪ್ರಶ್ನೆ ಕೇಳುತ್ತಿದ್ದಳು. “ಮಾರಾಕೋ, ಹಾಕ್ಕೊಳ್ಳಾಕೋ?” ಮಾರಲು ಅಂದರೆ ಇದ್ದದ್ದು ಇದ್ದ ಹಾಗೆ ಹೇಳುವಳು. ಹಾಕಿಕೊಳ್ಳಲು ಅಂದರೆ, “ನಿನಗ ಒಪ್ತದ, ಹಾಕ್ಕೊ,” ಎಂದು ಗಂಟು ಕಟ್ಟಿಕೊಡುವಳು.

ಇದಿಷ್ಟನ್ನೂ ಮನಸ್ಸಿನಲ್ಲಿ ಹೊತ್ತುಕೊಂಡು, ಗುರುವಾರ, ಭಾಗ್ಯಳನ್ನು ಕರೆದುಕೊಂಡು ಸುರಪುರಕ್ಕೆ ಹೋದೆ. ಕಾಳಪ್ಪ ಮೌನೇಶಪ್ಪ ಮಾವನ ತಮ್ಮನ ಮಗ. ಅವನಿಗೂ ಈಗ ಅರವತ್ತರ ಆಸುಪಾಸು. ಬಜಾರಿನಲ್ಲಿ ಸಣ್ಣದೊಂದು ಅಂಗಡಿ. ಹರಳನ್ನು ಬಟ್ಟೆಯಿಂದ ಒರೆಸಿ, ಚಿಮಟದಲ್ಲಿ ಹಿಡಿದು, ಮಸೂರ ಕಣ್ಣಿಗಿಟ್ಟುಕೊಂಡ. ಮಡಚಿದ ಬಿಳಿ ಕಾಗದದಲ್ಲಿ ಬೋರಲು ಮಲಗಿಸಿದ. ಉಸಿರು ಬಿಟ್ಟ. ಮಂಜು ಬಂದದ್ದೇ ಗೊತ್ತಾಗಲಿಲ್ಲ.

“ಹರಳ ಭಾಳ ಚಂದ ಅದ ಅಕ್ಕಾರ,” ಅಂದ. “ಕಟಿಂಗ್ ಚೊಲೋ ಅದ. ಮ್ಯಾಲಿಂದ ಬೆಳಕು ಒಳಗ ಹೋಗಿ ಪೂರಾ ತಿರುಗಿ ಬರಾಕತ್ತದ. ಕೆಲವು ಹರಳು ನಡಬರಕ ಕರ್ರಗ ಕಾಣ್ತಾವ, ಇದು ಹಂಗಿಲ್ಲ. ಒಳಗ ಒಂದು ಮೂಲಿಗೆ ಧೂಳಿನಂಥ ಚುಕ್ಕಿ. ಬರೇ ಕಣ್ಣಿಗೆ ಕಾಣಂಗಿಲ್ಲ.”

ನಾನು ಗೆದ್ದವಳ ಹಾಗೆ ಬೆನ್ನು ನೇರ ಮಾಡಿದೆ. ಕಾಳಪ್ಪ ಹರಳನ್ನು ಅಡ್ಡಲಾಗಿ ತಿರುಗಿಸಿ, ಅದರ ನಡುವಿನ ಅಂಚನ್ನು ನೋಡತೊಡಗಿದ. ಅಲ್ಲಿ ಕೂದಲಿಗಿಂತ ಸಣ್ಣ ಅಕ್ಷರದಲ್ಲಿ ನಂಬರು ಕೊರೆದಿರುತ್ತಾರಂತೆ. ಅದು ಕಾಗದದ ಮೇಲಿನ ನಂಬರಿಗೆ ಹೊಂದಿದರೆ ಮಾತ್ರ ಈ ಕಾಗದ ಈ ಹರಳಿನದು. ಅವನು ಒಂದೊಂದೇ ಅಂಕಿ ಹೇಳಿದ. ನಾನು ಕಾಗದದಲ್ಲಿ ತಾಳೆ ನೋಡಿದೆ. ಎಲ್ಲ ಸರಿಯಿತ್ತು.

“ನಂಬರ್ ಬರೋಬ್ಬರಿ ಅದ. ನಂಬರಿನ ಬಾಜೂಕ ಇನ್ನೊಂದು ಮಾತು ಬರದಾರ,” ಎಂದು ಕಾಳಪ್ಪ ಮಸೂರ ಕೆಳಗಿಟ್ಟು ನನ್ನ ಮುಖ ನೋಡಿದ. “ಅಕ್ಕಾರ, ಕಾಗದದ ತಲಿ ಮ್ಯಾಲ ಏನು ಬರದದ ಓದೀರೇನು?”

ನಾನು ತೂಕ ಓದಿದ್ದೆ. ಬಣ್ಣ ಓದಿದ್ದೆ. ಎತ್ತರವನ್ನು ಮಿಲಿಮೀಟರಿನಲ್ಲಿ ಓದಿದ್ದೆ. ಮೊದಲು ಪ್ರಶ್ನೆ ಪೂರ್ತಿ ಓದ್ರಿ, ಆಮೇಲೆ ಉತ್ತರ ಬರೀರಿ ಎಂದು ಮೂವತ್ತು ವರ್ಷ ಮಕ್ಕಳನ್ನು ಗದರಿಸಿದ ನಾನು ಕಾಗದದ ಶೀರ್ಷಿಕೆಯನ್ನೇ ಓದಿರಲಿಲ್ಲ. ಅಲ್ಲಿ ದಪ್ಪ ಅಕ್ಷರದಲ್ಲಿತ್ತು, ಇದು ಪ್ರಯೋಗಶಾಲೆಯಲ್ಲಿ ಬೆಳೆಸಿದ ವಜ್ರವೆಂದು.

“ಹಂಗಾದ್ರ ನಕಲಿ ಏನು ಕಾಳಪ್ಪ?” ದನಿ ತಗ್ಗಿಸಿ ಕೇಳಿದೆ.

“ನಕಲಿ ಅಲ್ರಿ. ಇದೂ ವಜ್ರಾನ. ಕಾಜು ಅಲ್ಲ, ಬ್ಯಾರೆ ಕಲ್ಲು ಅಲ್ಲ. ನಮ್ಮ ದೊಡ್ಡವ್ವ ಚಂದ್ರವ್ವ ನೋಡಿದ್ರೂ ವಜ್ರ ಅಂತನ ಅಂತಿದ್ಲು. ನನ್ನ ಮಸೂರದಾಗೂ ಫರಕ್ ಗೊತ್ತಾಗಂಗಿಲ್ಲ. ಅದಕ್ಕ ದೊಡ್ಡ ಮಷಿನ್ ಬೇಕು. ಆದ್ರ ಕಿಮ್ಮತ್ತಿನಾಗ ಭಾಳ ಫರಕ್ ಅದ. ನೆಲದಾಗಿನ ಹರಳಿನ ಮುಂದ ಇದು ಭಾಳ ಸಸ್ತಾ. ನಾಳಿ ತಿರುಗಿ ಮಾರ್ತೀನಿ ಅಂದ್ರ ತೊಗೊಳ್ಳಾವ್ರ ಸಿಗೂದ ಕಷ್ಟ.”

ಭಾಗ್ಯ ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತಿದ್ದಳು. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. “ಭಾಗ್ಯಾ, ಜರಾ ಒಂದು ನೀರಿನ ಬಾಟ್ಲಿ ತೊಗೊಂಡು ಬಾ ಹೋಗು,” ಅಂದೆ.

ಅವಳು ನಕ್ಕಳು. “ನಿನ್ನ ಚೀಲದಾಗ ಬಾಟ್ಲಿ ತುಂಬ ನೀರದಾವ ಅತ್ತಿ. ಲ್ಯಾಬಿನ ಹರಳು ಅಂತ ಹೇಳಾಕತ್ತಾರಲ್ಲ ಕಾಕಾ? ನನಗ ಗೊತ್ತದ. ಕೊಡೂ ಮುಂದ ಪ್ರಕಾಶನ ಹೇಳ್ಯಾರ.”

“ಮತ್ತ ನಿಮ್ಮಪ್ಪಗ ಯಾಕ ಹೇಳಲಿಲ್ಲ?”

“ಅಪ್ಪ ಕೇಳಲೇ ಇಲ್ಲ. ಕಾಗದ ಕೊಟ್ಟೆ. ಎರಡು ದಿನ ಜೇಬಿನಾಗ ಇಟ್ಕೊಂಡು ತಿರುಗ್ಯಾಡಿದ. ಓದಿರಬೇಕು, ಒಪ್ಪಿರಬೇಕು ಅಂತ ತಿಳಕೊಂಡೆ...”

ಮಾತು ಅರ್ಧಕ್ಕೆ ನಿಂತಿತು. ನಗು ಅವಳ ಮುಖದಿಂದ ಇಳಿಯಿತು. “ಅಯ್ಯೋ ಅತ್ತಿ, ಅದು ಇಂಗ್ಲಿಷಿನಾಗದ.”

ಮಾನಪ್ಪ ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಅಪ್ಪ ತೀರಿಕೊಂಡ ವರ್ಷ ನಾನು ಟೀಚರ್ ಟ್ರೇನಿಂಗಿಗೆ ಸೇರಬೇಕಿತ್ತು. ಇಬ್ಬರಲ್ಲಿ ಒಬ್ಬರು ಮನೆ ನೋಡಿಕೊಳ್ಳಬೇಕಿತ್ತು. “ಅಕ್ಕ ಓದ್ಲಿ, ನನಗ ಓದು ತಲಿಗೆ ಹತ್ತಂಗಿಲ್ಲ,” ಎಂದು ಅವನೇ ಹೇಳಿ ಒಂದು ಅಂಗಡಿಯಲ್ಲಿ ಕೆಲಸಕ್ಕೆ ನಿಂತ. ಓದು ಅವನ ತಲೆಗೆ ಚೆನ್ನಾಗಿಯೇ ಹತ್ತುತ್ತಿತ್ತು ಎಂಬುದು ನನಗೆ ಗೊತ್ತಿತ್ತು. ಈಗ ಅವನ ಸ್ವಂತ ಅಂಗಡಿಯಲ್ಲಿ ನೂರು ಬಗೆಯ ಬೀಜದ ಪಾಕೀಟುಗಳಿವೆ, ಎಲ್ಲದರ ಮೇಲೂ ಇಂಗ್ಲಿಷು. ಅವನು ಬಣ್ಣದಿಂದ, ಚಿತ್ರದಿಂದ ಗುರುತು ಹಿಡಿದು, ಒಂದೂ ತಪ್ಪಿಲ್ಲದೆ ಕೊಡುತ್ತಾನೆ. ಅವನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ ಎಂಬುದನ್ನೇ ನಾವೆಲ್ಲ ಮರೆತುಬಿಟ್ಟಿದ್ದೆವು. ಅವನು ನನ್ನ ಬೆರಳಿನ ಹಿಂದೆ ಕಣ್ಣು ಓಡಿಸುತ್ತ “ಹ್ಞೂಂ, ಹ್ಞೂಂ” ಅಂದದ್ದು ಆಗ ನೆನಪಾಗಿ, ಸುರಪುರದ ಬಜಾರಿನ ನಡುವೆ ನನ್ನ ಕಿವಿ ಬಿಸಿಯಾಯಿತು.

ಮರುದಿನ ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು ನೋಡಿಕೊಂಡು ಅವನ ಅಂಗಡಿ ಹೊಕ್ಕೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಗಲ್ಲಾಪೆಟ್ಟಿಗೆಯ ಹಿಂದೆ ಎದ್ದು ನಿಂತ.

“ನೆಲದಾಗ ಹುಟ್ಟಿಲ್ಲಂದ್ರ ಅದೆಂಥ ವಜ್ರ?”

ವಾತಾವರಣ ಹಗುರ ಮಾಡಲು ನಾನು, “ನೀ ಮಾರೂ ಹತ್ತಿಬೀಜ ಎಲ್ಲಿ ಹುಟ್ಟ್ಯಾವಪಾ? ಅವೂ ಲ್ಯಾಬಿಂದ ಬಂದಾವ,” ಅಂದೆ. ಅವನು ನಗಲಿಲ್ಲ.

“ಬೀಜದ ಮಾತು ಬ್ಯಾರೆ ಅಕ್ಕಾ. ಮಗಳ ಮಾತು ಬ್ಯಾರೆ. ಹರಳು ಹೋಗ್ಲಿ ಬಿಡು. ಅವ ಓದ್ಯಾನ, ಆಕಿ ಓದ್ಯಾಳ, ನೀ ಓದೀದಿ. ಎಲ್ಲಾರಿಗೂ ಗೊತ್ತದ. ಗೊತ್ತಿಲ್ಲದಾವ ನಾ ಒಬ್ಬನ. ಎರಡು ದಿನ ಜೇಬಿನಾಗ ಇಟ್ಕೊಂಡು ತಿರುಗೀನಿ. ಓದಿ ಹೇಳ್ರಿ ಅಂತ ಯಾರಿಗೆ ಕೇಳ್ಲಿ? ಮಗಳಿಗೆ ಕೇಳ್ಲೇನು?”

ನಾನು ಗೊಬ್ಬರದ ಚೀಲಗಳ ಮೇಲೆ ಕೈಯಿಟ್ಟುಕೊಂಡು ನಿಂತೆ. ಕೊನೆಗೆ ಅವನೇ, “ಐತವಾರಕ್ಕ ಮೊದಲ ಆ ಹುಡುಗಗ ಒಬ್ಬನ ಬಾ ಅಂತ ಹೇಳು,” ಅಂದ.

ಶನಿವಾರ ಸಂಜೆ ಪ್ರಕಾಶ ಬೈಕಿನ ಮೇಲೆ ಮಾನಪ್ಪನ ಮನೆಗೆ ಬಂದ. ತೆಳ್ಳಗಿನ ಹುಡುಗ. ಉಗುರಿನ ಸಂದಿಯಲ್ಲಿ ಇನ್ನೂ ಕೆಮ್ಮಣ್ಣಿತ್ತು. ಒಳಗೆ ಬಂದವನೇ ನನ್ನನ್ನು ನೋಡಿ, “ಟೀಚರ್, ಒಂಬತ್ತನೇ ಕ್ಲಾಸಿಗೆ ನೀವ ನಮಗ ಸೈನ್ಸ್ ಕಲಿಸೀರಿ,” ಅಂದ. ನನಗೆ ಗುರುತು ಸಿಗಲಿಲ್ಲ. “ಹೌದು ಹೌದು, ಎರಡನೇ ಬೆಂಚು,” ಎಂದು ಊಹೆಯ ಮೇಲೆ ಹೇಳಿದೆ. “ಕಡೇ ಬೆಂಚ್ ರಿ,” ಅಂದ. ಭಾಗ್ಯ ಮುಖ ತಿರುಗಿಸಿಕೊಂಡು ನಕ್ಕಳು.

ಮಾನಪ್ಪ ಕುರ್ಚಿ ತೋರಿಸಿದ. ಡಬ್ಬಿಯನ್ನೂ ಕಾಗದವನ್ನೂ ಮೇಜಿನ ಮೇಲಿಟ್ಟ. “ನನಗ ಯಾಕ ಬಾಯಿಬಿಟ್ಟು ಹೇಳಲಿಲ್ರಿ?” ಎಂದು ಕೇಳಿದ.

ಪ್ರಕಾಶ ಕುರ್ಚಿಯ ತುದಿಗೆ ಸರಿದ. “ಅಂಜಿದ್ನಿರಿ. ಖರೇ ಹೇಳ್ತೀನಿ. ಕಾಗದ ಕೊಟ್ರ ಆತು, ನಾ ಹೇಳೂದು ತಪ್ಪತದ ಅಂತ ತಿಳಕೊಂಡೆ. ಅದು ನನ್ನ ತಪ್ಪು.”

“ಬಿಡಿ ಹರಳು ಯಾಕ ಕೊಟ್ರಿ?”

“ನಾ ಮಣ್ಣು ಪರೀಕ್ಷೆ ಮಾಡಾವ್ರಿ. ಯಾವ ಹೊಲದಾಗ ಏನದ, ಏನಿಲ್ಲ ಅಂತ ಬರದು ಕೊಡೂದ ನನ್ನ ಕೆಲಸ. ಉಂಗುರದಾಗ ಕೂಡಿಸಿ ಕೊಟ್ರ ಅರ್ಧ ಹರಳು ಬಂಗಾರದೊಳಗ ಮುಚ್ಚಿ ಹೋಗ್ತದ. ಬಿಚ್ಚಿ ಕೊಟ್ರ ಸುತ್ತೂ ಕಡಿ ನೋಡಬಹುದು, ಯಾರಿಗೆ ಬೇಕಾದ್ರೂ ತೋರಿಸಬಹುದು ಅಂತ ಕೊಟ್ಟೀನ್ರಿ.”

ಮಾನಪ್ಪ ಕಾಗದವನ್ನು ಅವನ ಕಡೆ ಸರಿಸಿದ. ಮುಂದಿನ ಮಾತನ್ನು ಮಾನಪ್ಪ ಆ ಮನೆಯಲ್ಲಿ, ಮಗಳ ಮುಂದೆ, ಹಿಂದೆಂದೂ ಹೇಳಿರಲಿಕ್ಕಿಲ್ಲ.

“ನನಗ ಇಂಗ್ಲೀಷ ಬರಂಗಿಲ್ರಿ. ಓದಿ ಹೇಳ್ರಿ.”

ಪ್ರಕಾಶ ಕುರ್ಚಿ ಬಿಟ್ಟು ಎದ್ದುಹೋಗಿ ಅವನ ಪಕ್ಕ ಕೂತ. ತಲೆಯ ಮೇಲಿನ ಸಾಲಿನಿಂದ ಶುರುಮಾಡಿದ. ಒಂದೊಂದು ಸಾಲನ್ನೂ ಮೊದಲು ಇಂಗ್ಲಿಷಿನಲ್ಲಿ ಓದಿ, ಆಮೇಲೆ ನಮ್ಮ ಮಾತಿನಲ್ಲಿ ಹೇಳಿದ. ಮಾನಪ್ಪ ಸುಮ್ಮನೆ ಕೇಳುವವನಲ್ಲ. ಶುದ್ಧತೆಯನ್ನು ಯಾರು ನೋಡುತ್ತಾರೆ, ಎಷ್ಟು ಪಟ್ಟು ದೊಡ್ಡದು ಮಾಡಿ ನೋಡುತ್ತಾರೆ, ಜಿ ಅಂದರೆ ಮೇಲಿನಿಂದ ಎಷ್ಟನೆಯದು, ಮೂವತ್ತೊಂದು ಸೆಂಟು ಅಂದರೆ ಎಷ್ಟು ಗುಂಜಿ ತೂಕ, ಎಲ್ಲ ಕೇಳಿದ. ತಿಳಿಯದ್ದಕ್ಕೆ ಹುಡುಗ ತಿಳಿಯದು ಅಂದ. ಕೊನೆಗೆ ಮಾನಪ್ಪ ಬೆಲೆಯನ್ನೂ ಕೇಳಿದ. ಹುಡುಗ ಕೊಟ್ಟದ್ದೆಷ್ಟು ಎಂದು ಹೇಳಿ, “ತಿರುಗಿ ಮಾರಾಕ ಹೋದ್ರ ಅದರಾಗ ಕಾಲುಪಾಲೂ ಬರಂಗಿಲ್ರಿ,” ಎಂದು ಸೇರಿಸಿದ.

ಭಾಗ್ಯಳ ತಾಯಿ ತಂದಿಟ್ಟ ಚಹಾ ಆರಿಹೋಯಿತು. ಮಾನಪ್ಪ ಹರಳನ್ನು ಅಂಗೈಯಲ್ಲಿಟ್ಟುಕೊಂಡು ದೀಪದ ಬೆಳಕಿಗೆ ತಿರುಗಿಸಿದ. ಭಾಗ್ಯ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

“ಇನ್ನೊಮ್ಮಿ ಓದಪಾ,” ಅಂದ ಮಾನಪ್ಪ.

ಓದ್ರಿ ಅನ್ನುತ್ತಿದ್ದವನು ಓದಪಾ ಅಂದಿದ್ದ. ಭಾಗ್ಯ ಚೌಕಟ್ಟು ಬಿಟ್ಟು, ಚಹಾ ಬಿಸಿ ಮಾಡಲು ಒಳಗೆ ಓಡಿದಳು.

ಭಾನುವಾರ ಗೊತ್ತುಮಾಡಿದಂತೆ ನಿಶ್ಚಯ ಮುಂದಿನ ತಿಂಗಳು ಶಹಾಪುರದಲ್ಲಿಯೇ ನಡೆಯಿತು. ಉಂಗುರವನ್ನು ಕಾಳಪ್ಪನೇ ಮಾಡಿದ. ಇನ್ನೂರು ಜನ ಸೇರಿದ್ದರು. ಭಾಗ್ಯಳ ಬೆರಳಿಗೆ ಉಂಗುರ ಬಿದ್ದದ್ದೇ ಬಳಗದ ಹಿರಿಯರೊಬ್ಬರು ಮುಂದೆ ಬಾಗಿ, ಕಣ್ಣು ಕಿರಿದು ಮಾಡಿ ನೋಡಿ, ಎಲ್ಲರಿಗೂ ಕೇಳುವ ಹಾಗೆ ಕೇಳಿಯೇಬಿಟ್ಟರು.

“ಏನ್ ಮಾನಪ್ಪ, ಹರಳು ಅಸಲಿ ವಜ್ರ ಏನು?”

ಸುತ್ತಲಿನವರೆಲ್ಲ ಆ ಕಡೆ ತಿರುಗಿದರು. ಪ್ರಕಾಶನ ತಾಯಿ ಪಕ್ಕದಲ್ಲಿಯೇ ನಿಂತಿದ್ದರು. ನಾನು ಏನಾದರೂ ಮಾತು ತೇಲಿಸೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಮಾನಪ್ಪ ಹೆಗಲ ಮೇಲಿನ ಟಾವೆಲ್ಲು ಸರಿಪಡಿಸಿಕೊಂಡು ಎದೆಯುಬ್ಬಿಸಿ ನಿಂತ.

“ಲ್ಯಾಬೋರೇಟರಿ ಗ್ರೋನ್ ಡೈಮಂಡ್ ರಿ. ಅಂದ್ರ ಲ್ಯಾಬಿನಾಗ ಬೆಳದ ವಜ್ರ. ತೂಕ ಮೂವತ್ತೊಂದು ಸೆಂಟು. ಆಕಾರ ರೌಂಡು. ಕಲರ್ ಜಿ. ಕಟಿಂಗ್ ಎಕ್ಸಲೆಂಟ್. ಪಾಲಿಶ್ ಎಕ್ಸಲೆಂಟ್. ಬಾಜೂಕ ನಂಬರ್ ಕೊರದಾರ. ನಮ್ಮ ಅಳಿಯ ಓದಿ ಹೇಳ್ಯಾನ.”

ಇಂಗ್ಲಿಷಿನ ಒಂದೊಂದು ಮಾತೂ ಬೀಜದ ತಳಿಯ ಹೆಸರಿನಷ್ಟು ಸಲೀಸಾಗಿ ಅವನ ಬಾಯಿಂದ ಬಂತು. ಹಿರಿಯರು ಒಂದು ಕ್ಷಣ ಅವನನ್ನೇ ನೋಡಿದರು. “ಹೌದಾ? ಇಷ್ಟೆಲ್ಲಾ ಅದ ಅಂದ್ರ ಭಾರಿ ಮಾಲನ ಇರಬೇಕು ಬಿಡು,” ಎಂದು ಊಟದ ಕಡೆ ಹೊರಟರು. ಪ್ರಕಾಶನ ತಾಯಿ ನಕ್ಕರು. ಉಳಿದವರೂ ತಮ್ಮ ತಮ್ಮ ಮಾತಿಗೆ ಮರಳಿದರು.

ಮಾನಪ್ಪ ಜನರ ತಲೆಗಳ ನಡುವಿನಿಂದ ನನ್ನ ಕಡೆ ನೋಡಿದ. ಪದ್ಯ ಒಪ್ಪಿಸಿ ಮುಗಿಸಿದ ಹುಡುಗ ಟೀಚರ ಮುಖ ನೋಡುವ ಹಾಗೆ. ನಾನು ಸರಿಯೆಂದು ತಲೆಯಾಡಿಸಿದೆ. ಶುದ್ಧತೆಯ ಸಾಲೊಂದನ್ನು ಅವನು ಬಿಟ್ಟಿದ್ದ. ನಾನು ಹೇಳಲಿಲ್ಲ.